‘ಶ್ರೀಕೃಷ್ಣ ಪಾರಿಜಾತ’ದ ಸತ್ಯಭಾಮೆ: ಪಾತ್ರವಿಕಾಸವೂ ಪ್ರೇಕ್ಷಕರ ತೀರ್ಪೂ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸುಪಾಸಿನ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಜನಪದ ರಂಗಭೂಮಿಯಲ್ಲಿ ‘ಶ್ರೀಕೃಷ್ಣ ಪಾರಿಜಾತ’ಕ್ಕೆ ವಿಶಿಷ್ಟವಾದ ಸ್ಥಾನವುಂಟು. ಸ್ವರ್ಗದ ಹೂವೊಂದು ಭೂಮಿಗೆ ಬಂದುದರಿಂದ ಒಂದು ಮನೆಯಲ್ಲಿ ಎದ್ದ ಕಲಹ, ವಿರಹ ಮತ್ತು ಸಮಾಧಾನ, ಇವಿಷ್ಟೇ ಇದರ ವಸ್ತು. ಅದ್ಭುತವೂ ಶೃಂಗಾರವೂ ಇಲ್ಲಿ ಬೆರೆತಿವೆ. ಕಥೆಯ ಕೊನೆ ಏನೆಂಬುದು ನೋಡಲು ಬಂದವರಿಗೆಲ್ಲ ಮೊದಲೇ ಗೊತ್ತು. ಆದರೂ ತಲೆಮಾರಿನಿಂದ ತಲೆಮಾರಿಗೆ ಜನರು ಇದನ್ನು ರಾತ್ರಿಯೆಲ್ಲ ಕುಳಿತು ನೋಡುತ್ತ ಬಂದಿದ್ದಾರೆ. ಕಥೆಯ ಕುತೂಹಲವಿಲ್ಲದ ಎಡೆಯಲ್ಲಿ ಅವರನ್ನು ಹಿಡಿದು ಕೂರಿಸುವ ಶಕ್ತಿ ಯಾವುದು? ಸತ್ಯಭಾಮೆಯ ಪಾತ್ರವಿಕಾಸ ಮತ್ತು ಆ ವಿಕಾಸದಲ್ಲಿ ಪ್ರೇಕ್ಷಕರಿಗಿರುವ ಪಾಲು, ಇವೆರಡರಲ್ಲಿ ಅದಕ್ಕೆ ಉತ್ತರವಿದೆಯೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣನು ರಂಗಕ್ಕೆ ಹೊಂದಿಸಿ ಬೆಳೆಸಿದನೆಂಬುದು ಈ ನಾಟಕದ ಬಗೆಗೆ ವಿದ್ವಾಂಸರಲ್ಲಿ ರೂಢವಾಗಿರುವ ಅಭಿಪ್ರಾಯ. ಕುಲಗೋಡವು ಬೆಳಗಾವಿ ಜಿಲ್ಲೆಗೆ ಸೇರಿದುದಾದರೂ ಮುಧೋಳ ಸೀಮೆಗೆ ನೆರೆಯೂರೇ ಸರಿ. ಕೌಜಲಗಿ ನಿಂಗಮ್ಮನಂಥ ಕಲಾವಿದೆಯಿಂದ ಈ ಕಲೆಗೆ ನಾಡಿನಲ್ಲೆಲ್ಲ ಹೆಸರು ಬಂದಿತು. ಹಾಡುಗಳು ಕವಿಯವು, ಬಹುಮಟ್ಟಿಗೆ ನಿಯತವಾದುವು. ಹಾಡು ಹಾಡುಗಳ ನಡುವಣ ಮಾತು ಮಾತ್ರ ನಟರದು. ಆಯಾ ಊರಿನ ನುಡಿಯಲ್ಲಿ, ಆಯಾ ರಾತ್ರಿಯ ಸಂದರ್ಭಕ್ಕೆ ಹುಟ್ಟುವಂಥದು. ಈ ಭೇದವನ್ನು ಮನಸ್ಸಿನಲ್ಲಿಡದೆ ಪಾರಿಜಾತದ ಪಾತ್ರಗಳನ್ನು ಕುರಿತು ಏನು ಹೇಳಿದರೂ ಅದು ಅರ್ಧ ಮಾತಾದೀತು.

ಭಾಮೆಯ ಪಾತ್ರವು ಒಬ್ಬ ಕವಿಯಿಂದ ಒಮ್ಮೆಗೇ ಹುಟ್ಟಿದುದಲ್ಲ. ವಿಷ್ಣುಪುರಾಣದಲ್ಲಿ ನಾರದನು ತಂದ ಹೂವೂ ಇಲ್ಲ, ಸವತಿಯ ಮತ್ಸರವೂ ಇಲ್ಲ. ನರಕವಧೆಯ ಬಳಿಕ ಅದಿತಿಯ ಕುಂಡಲಗಳನ್ನು ಒಪ್ಪಿಸಲು ಕೃಷ್ಣನು ಸ್ವರ್ಗಕ್ಕೆ ಹೋದಾಗ ಅವಳು ಅವನ ಜೊತೆಯಲ್ಲಿದ್ದಾಳೆ. ಪಾರಿಜಾತವನ್ನು ಕಂಡು ಬಯಸುತ್ತಾಳೆ. ತಡೆದ ಕಾವಲುಗಾರರೊಡನೆ ಅವಳು ಹೂಡುವ ವಾದ ಸೊಗಸಾದುದು: ಸಮುದ್ರಮಥನದಲ್ಲಿ ಹುಟ್ಟಿದ ವೃಕ್ಷವು ಎಲ್ಲರ ಸೊತ್ತಾಗಬೇಕಲ್ಲದೆ ಇಂದ್ರನೊಬ್ಬನದು ಹೇಗಾದೀತು? ಯುದ್ಧದಲ್ಲಿ ಇಂದ್ರನು ಸೋತ ಮೇಲೆ ಅವಳೇ ಮರವನ್ನು ಹಿಂದಿರುಗಿಸಲು ಸಿದ್ಧಳಾಗುತ್ತಾಳೆ. ಅವಳನ್ನು ಕೆಣಕಿದುದು ಮರದ ಆಸೆಗಿಂತ ಹೆಚ್ಚಾಗಿ ಶಚಿಯ ಅನಾದರವೆಂಬುದು ಅಲ್ಲಿ ಸ್ಪಷ್ಟವಾಗುತ್ತದೆ. ಹರಿವಂಶದ ಪ್ರಚಲಿತ ಪಾಠದಲ್ಲಿ ಚಿತ್ರ ಬೇರೆ. ನಾರದನು ಹೂ ತರುತ್ತಾನೆ, ಅದು ರುಕ್ಮಿಣಿಗೆ ಸಲ್ಲುತ್ತದೆ, ಭಾಮೆ ಮುನಿಯುತ್ತಾಳೆ. ನೆರೆಯ ತೆಲುಗಿನಲ್ಲಿ, ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನನು ತನ್ನ ‘ಪಾರಿಜಾತಾಪಹರಣಮು’ ಕಾವ್ಯದಲ್ಲಿ ಈ ಮುನಿಸನ್ನು ಕೃಷ್ಣನ ಶಿರಸ್ಸನ್ನು ಕಾಲಿನಿಂದ ಒದೆಯುವವರೆಗೂ ಒಯ್ದನು. ಸಿದ್ಧೇಂದ್ರ ಯೋಗಿಯ ಹೆಸರಿಗೆ ಸಲ್ಲುವ ‘ಭಾಮಾಕಲಾಪ’ದಲ್ಲಿ ಅದೇ ನಾಯಿಕೆ ಕೂಚಿಪೂಡಿ ನೃತ್ಯದ ಮುಖ್ಯ ಪಾತ್ರವಾದಳು.

ಈ ಸರಣಿಯನ್ನು ಗಮನಿಸಿದರೆ ಒಂದು ಅಂಶ ಹೊಳೆಯುತ್ತದೆ. ಪುರಾಣದ ಭಾಮೆಗೆ ಪ್ರತಿಪಕ್ಷವು ಸ್ವರ್ಗ. ಅನಂತರದ ಭಾಮೆಗೆ ಪ್ರತಿಪಕ್ಷವು ಪಕ್ಕದ ಮನೆ. ಯುದ್ಧವು ಹಿಂದೆ ಸರಿದಂತೆ ಸಂಸಾರವು ಮುಂದೆ ಬಂದಿತು. ಇದು ವಸ್ತುವಿನ ಕುಗ್ಗುವಿಕೆಯೆಂದು ತೋರಬಹುದು. ಆದರೆ ಪಾತ್ರದ ದೃಷ್ಟಿಯಿಂದ ಇದು ಹಿಗ್ಗುವಿಕೆಯೇ ಆಗಿದೆ. ಇಂದ್ರನನ್ನು ಗೆಲ್ಲುವುದಕ್ಕೆ ಗರುಡವಾಹನನ ಬಲ ಸಾಕು, ಪತಿಯ ಮನಸ್ಸಿನಲ್ಲಿ ತನಗಿರುವ ಎಡೆಯನ್ನು ಅರಿಯುವುದಕ್ಕೆ ಅಂಥ ಬಲ ಯಾವುದೂ ಒದಗುವುದಿಲ್ಲ.

ನಮ್ಮ ಲಾಕ್ಷಣಿಕರು ನಾಯಿಕೆಯರನ್ನು ಅವಸ್ಥಾಭೇದದಿಂದ ಎಂಟು ಬಗೆಯಾಗಿ ವಿಂಗಡಿಸಿದ್ದಾರೆ. ಪಾರಿಜಾತದ ಭಾಮೆಯನ್ನು ‘ಖಂಡಿತಾ’ ಎಂಬ ಒಂದೇ ಹೆಸರಿನಿಂದ ಕರೆದು ಮುಗಿಸುವುದು ಸುಲಭ. ಆದರೆ ರಂಗದ ಮೇಲೆ ಆಕೆ ಒಂದೇ ಅವಸ್ಥೆಯಲ್ಲಿ ನಿಲ್ಲುವುದಿಲ್ಲ. ಪತಿಯು ತನ್ನ ವಶನೆಂಬ ಹೆಮ್ಮೆಯಿಂದ ತೊಡಗುವಾಗ ಅವಳು ಸ್ವಾಧೀನಭರ್ತೃಕೆ. ಹೂವಿನ ಸುದ್ದಿ ಕೇಳಿದಾಗ ಖಂಡಿತೆ. ಜಗಳವಾಡಿ ಪತಿಯನ್ನು ದೂರಮಾಡಿಕೊಂಡು ಮರುಗುವಾಗ ಕಲಹಾಂತರಿತೆ. ದಾರಿ ನೋಡುವಾಗ ವಿರಹೋತ್ಕಂಠಿತೆ. ಲಕ್ಷಣಗ್ರಂಥದಲ್ಲಿ ಬೇರೆ ಬೇರೆ ನಾಯಿಕೆಯರಾಗಿ ತೋರುವವರು ಇಲ್ಲಿ ಒಬ್ಬಳೇ ಹೆಂಗಸಿನ ಒಂದು ರಾತ್ರಿಯ ಬಾಳಾಗುತ್ತಾರೆ. ಒಂದು ಅವಸ್ಥೆಯಿಂದ ಇನ್ನೊಂದಕ್ಕೆ ದಾಟುವ ಸಂಧಿಗಳಲ್ಲಿಯೇ ಪಾತ್ರವಿಕಾಸವಿದೆ. ಆ ಸಂಧಿಗಳನ್ನು ಕಟ್ಟುವುದು ಹಾಡಲ್ಲ, ಮಾತು.

ಆ ಮಾತಿಗೆ ಆಧಾರ ಭಾಗವತ. ಇವನು ಹಿಮ್ಮೇಳದಲ್ಲಿ ನಿಂತು ಹಾಡುವ ಗಾಯಕ ಮಾತ್ರನಲ್ಲ. ಪಾತ್ರವನ್ನು ತಡೆದು ಪ್ರಶ್ನಿಸುವವನು, ಛೇಡಿಸುವವನು, ಸಂದೇಶ ಒಯ್ಯುವವನು. “ಯಾರವ್ವಾ ನೀನು, ಯಾವ ಊರಾಕಿ?” ಎಂಬ ಬಗೆಯ ಪ್ರಶ್ನೆಯಿಂದ ದ್ವಾರಕೆಯ ರಾಣಿಯನ್ನು ಅವನು ಊರ ನಡುವೆ ತಂದು ನಿಲ್ಲಿಸುತ್ತಾನೆ. ಅವನ ಪ್ರಶ್ನೆಗಳು ಬಹುಮಟ್ಟಿಗೆ ಪ್ರೇಕ್ಷಕರ ಪ್ರಶ್ನೆಗಳೇ. ಒಂದು ಹೂವಿಗಾಗಿ ಇಷ್ಟು ಸಿಟ್ಟೇ ಎಂದು ಅವನು ಕೇಳಿದಾಗ ಸಭೆ ನಗುತ್ತದೆ. ಅದಕ್ಕೆ ಭಾಮೆ ಕೊಡುವ ಉತ್ತರದಲ್ಲಿ ನಟಿಯ ಶಕ್ತಿ ಹೊರಬೀಳಬೇಕು. ಪ್ರಶ್ನೆ ಹೂವಿನದಲ್ಲ, ಮರ್ಯಾದೆಯದು ಎಂಬುದನ್ನು ಅವಳು ತನ್ನ ಮಾತಿನಿಂದ ನಂಬಿಸಿದಳೆಂದರೆ ನಕ್ಕ ಸಭೆಯೇ ಮೌನವಾಗುತ್ತದೆ. ಪ್ರೇಕ್ಷಕರ ನಗೆಯಿಂದ ಮೌನದವರೆಗಿನ ಈ ದಾರಿಯೂ ಭಾಮೆಯ ಹೆಮ್ಮೆಯಿಂದ ದುಃಖದವರೆಗಿನ ದಾರಿಯೂ ಜೊತೆಜೊತೆಯಾಗಿ ಸಾಗುತ್ತವೆ.

ನೋಡುವವರು ನೇಕಾರರು, ಒಕ್ಕಲಿಗರು, ಕೂಲಿಯವರು, ಮನೆವಾರ್ತೆಯ ಹೆಣ್ಣುಮಕ್ಕಳು. ಒಂದು ಮನೆಯಲ್ಲಿ ಇಬ್ಬರಿಗೆ ಸಮನಾಗಿ ಹಂಚಲಾಗದ ವಸ್ತು ಬಂದರೆ ಏನಾಗುವುದೆಂಬುದನ್ನು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ. ಅವರಲ್ಲಿ ಪಕ್ಷಗಳಾಗುವುದು ಸಹಜ. ದೊಡ್ಡವಳಾದ ರುಕ್ಮಿಣಿಗೆ ಹೂ ಸಂದದ್ದು ನ್ಯಾಯವೆನ್ನುವವರುಂಟು; ಇಬ್ಬರನ್ನೂ ನಂಬಿಸಿದ ಕೃಷ್ಣನದೇ ತಪ್ಪೆನ್ನುವವರುಂಟು. ಮೆಚ್ಚಿದ ಪಾತ್ರಕ್ಕೆ ಸಭೆಯಿಂದ ಆಯೇರಿ ಬರುವುದೂ ಒಂದು ಬಗೆಯ ವಿಮರ್ಶೆಯೇ. ನಟರು ಅದನ್ನು ಕಂಡು ಮಾತನ್ನು ಹಿಗ್ಗಿಸುತ್ತಾರೆ ಇಲ್ಲವೆ ಮೊಟಕುಮಾಡುತ್ತಾರೆ. ಹೀಗೆ ಸಭೆಯ ತೀರ್ಪು ಪಾತ್ರದೊಳಕ್ಕೆ ಹರಿದು, ಮುಂದಿನ ಊರಿನ ಆಟದಲ್ಲಿ ಪಾತ್ರದ ಭಾಗವಾಗಿ ನಿಲ್ಲುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಪಾರಿಜಾತದ ತಾತ್ಪರ್ಯವು ಭಾಮೆಯ ಗರ್ವಭಂಗ; ಅವಳು ಅಹಂಕಾರಿಯಾದ ಜೀವ, ಕೃಷ್ಣನು ಪರಮಾತ್ಮ; ಆದ್ದರಿಂದ ಅವಳ ಪಕ್ಷ ವಹಿಸುವ ಪ್ರೇಕ್ಷಕನು ಕಥೆಯನ್ನು ತಪ್ಪು ತಿಳಿದವನು ಎಂಬುದು ಆ ಆಕ್ಷೇಪ. ಭಕ್ತಿಯ ದೃಷ್ಟಿಯಿಂದ ಈ ವ್ಯಾಖ್ಯಾನಕ್ಕೆ ಬೆಲೆಯಿಲ್ಲವೆನ್ನಲಾಗದು. ಆದರೆ ನಾಟಕದ ನಡೆ ಅದಕ್ಕೆ ಪೂರ್ತಿಯಾಗಿ ಒಪ್ಪುವುದಿಲ್ಲ. ಗರ್ವಭಂಗವೊಂದೇ ಗುರಿಯಾಗಿದ್ದರೆ ಕೃಷ್ಣನು ತನ್ನ ಪೀಠದಲ್ಲಿದ್ದು ಅವಳು ಬಂದು ಬಾಗುವುದನ್ನು ಕಾಯಬಹುದಾಗಿತ್ತು. ಇಲ್ಲಿ ಅವನು ಕೊರವಂಜಿಯ ವೇಷ ತೊಟ್ಟು, ಬುಟ್ಟಿ ಹೊತ್ತು, ಕಣಿ ಹೇಳುವ ಬಡ ಹೆಂಗಸಾಗಿ ಅವಳ ಬಾಗಿಲಿಗೆ ಬರುತ್ತಾನೆ. ಜಗನ್ನಾಥನು ಕಿರೀಟವನ್ನು ಇಳಿಸಿಟ್ಟುದೂ ಭಂಗವಲ್ಲವೆ? ಭಾಮೆ ಅಂಗೈ ಚಾಚುತ್ತಾಳೆ. ತನಗೆ ಎಲ್ಲವೂ ಗೊತ್ತೆಂದು ಆರಂಭದಲ್ಲಿ ಮೆರೆದವಳು ತನ್ನ ಪತಿಯ ಮನಸ್ಸನ್ನು ಪರರ ಬಾಯಿಂದ ತಿಳಿಯಬೇಕಾಯಿತೆಂದು ಒಪ್ಪಿಕೊಂಡ ಗಳಿಗೆ ಅದು. ಇತ್ತ, ಕಣಿ ಹೇಳಬೇಕಾದರೆ ಕೃಷ್ಣನು ಅವಳ ದುಃಖವನ್ನು ಹೆಣ್ಣಿನ ದನಿಯಲ್ಲಿ, ಅವಳ ಕಡೆಯಿಂದ ಆಡಿ ತೋರಿಸಬೇಕು. ಇಬ್ಬರೂ ಒಂದೊಂದು ಮೆಟ್ಟಲು ಇಳಿದ ಮೇಲೆ ಸಮಾಧಾನ. ವೇಷದ ಗುಟ್ಟು ಸಭೆಗೆ ಗೊತ್ತು, ಭಾಮೆಗೆ ಗೊತ್ತಿಲ್ಲ. ಆದುದರಿಂದ ಪ್ರೇಕ್ಷಕನು ನಗುತ್ತಲೇ ಅವಳಿಗಾಗಿ ಮರುಗುತ್ತಾನೆ. ಹಾಸ್ಯ ಕರುಣಗಳ ಈ ಸಂಗಮವನ್ನು ಗರ್ವಭಂಗವೆಂಬ ಒಂದೇ ಸೂತ್ರವು ವಿವರಿಸಲಾರದು.

ಕವಿಯ ಸಂಕಲ್ಪವನ್ನು ಮೀರಿ ಸಹೃದಯರ ಕರುಣೆ ಇನ್ನೊಂದೆಡೆ ಹರಿಯುವುದು ಈ ನೆಲಕ್ಕೆ ಹೊಸತೂ ಅಲ್ಲ. ಮುದುವೊಳಲು ಎಂದು ಹೆಸರಾಗಿದ್ದ ಮುಧೋಳದಲ್ಲಿ ಹುಟ್ಟಿದ ರನ್ನನು ತನ್ನ ‘ಗದಾಯುದ್ಧ’ದಲ್ಲಿ ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದನು, ಕೃತಿಗೆ ‘ಸಾಹಸಭೀಮವಿಜಯ’ವೆಂಬ ಹೆಸರೂ ಉಂಟು. ಆದರೂ ಓದುಗರ ಮನಸ್ಸು ದುರ್ಯೋಧನನ ಕಡೆಗೆ ಹರಿಯಿತು. ಬಿ. ಎಂ. ಶ್ರೀಕಂಠಯ್ಯನವರು ಅದೇ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ರೂಪಿಸುವಲ್ಲಿ ಆ ಕೌರವನ ದುರಂತವೇ ಕೇಂದ್ರವಾಯಿತು. ಅಲ್ಲಿ ಓದುಗರು ಶತಮಾನಗಳ ಮೇಲೆ ಮಾಡಿದುದನ್ನು ಪಾರಿಜಾತದ ಸಭೆ ಒಂದೇ ರಾತ್ರಿಯಲ್ಲಿ ಮಾಡುತ್ತದೆ.

ಈ ನಾಟಕಕ್ಕೆ ಮಿತಿಯೂ ಇದೆ. ರುಕ್ಮಿಣಿಗೆ ಭಾಮೆಯಂಥ ಬೆಳವಣಿಗೆ ಇಲ್ಲ. ಅವಳ ತಾಳ್ಮೆ ಗುಣವಾಗಿ ನಿಲ್ಲುತ್ತದೆ, ಅನುಭವವಾಗಿ ತೆರೆಯುವುದಿಲ್ಲ. ಹೂ ಪಡೆದವಳ ಮನಸ್ಸಿನಲ್ಲಿ ಏನಾಯಿತೆಂದು ಭಾಗವತನು ಭಾಮೆಯನ್ನು ಕೆಣಕಿದಷ್ಟು ಒತ್ತಾಯದಿಂದ ರುಕ್ಮಿಣಿಯನ್ನು ಕೇಳುವುದಿಲ್ಲ. ಸಭೆಯ ಒಲವು ಜಗಳಗಂಟಿಯ ಕಡೆಗೇ ವಾಲುವುದಕ್ಕೆ ಇದೂ ಒಂದು ಕಾರಣ: ಪ್ರಶ್ನೆಗೆ ಒಳಗಾಗದ ಪಾತ್ರ ಎಷ್ಟು ಸದ್ಗುಣಿಯಾದರೂ ದೂರದ್ದೇ.

ಈಚಿನ ದಿನಗಳಲ್ಲಿ ಪಾರಿಜಾತವನ್ನು ನಗರದ ರಂಗಮಂದಿರಗಳಲ್ಲಿ, ಉತ್ಸವಗಳ ವೇದಿಕೆಯಲ್ಲಿ ಒಂದೆರಡು ಗಂಟೆಗಳಿಗೆ ಇಳಿಸಿ ಆಡುವುದುಂಟು. ಕಲಾವಿದರಿಗೆ ಅದರಿಂದ ಮನ್ನಣೆಯೂ ಸಂಭಾವನೆಯೂ ದೊರೆಯುವುದಾದರೆ ಬೇಡವೆನ್ನಲಾಗದು. ಆದರೆ ಹಾಗೆ ಇಳಿಸುವಾಗ ಮೊದಲು ಕತ್ತರಿ ಬೀಳುವುದು ಮಾತಿಗೆ. ಹಾಡು ಉಳಿಯುತ್ತದೆ, ಕೊರವಂಜಿಯ ವೇಷ ಉಳಿಯುತ್ತದೆ, ಭಾಗವತನೊಡನೆ ನಡೆಯುವ ದೀರ್ಘ ಸಂವಾದ ಹೋಗುತ್ತದೆ. ಆಗ ಸಿಟ್ಟಾದ ಭಾಮೆಯೂ ಸಮಾಧಾನಗೊಂಡ ಭಾಮೆಯೂ ಕಾಣುತ್ತಾರೆ. ನಡುವೆ ಬೆಳೆದ ಭಾಮೆ ಕಾಣುವುದಿಲ್ಲ. ಸಭೆಗೂ ನಗುವುದಕ್ಕೆ ಹೊತ್ತುಂಟು, ತೀರ್ಪನ್ನು ಬದಲಿಸಿಕೊಳ್ಳುವುದಕ್ಕೆ ಹೊತ್ತಿಲ್ಲ. ಗರ್ವಭಂಗದ ಸರಳ ನೀತಿಕಥೆಯಾಗಿ ಪಾರಿಜಾತವು ಕುಗ್ಗುವ ಅಪಾಯವಿರುವುದು ಇಲ್ಲಿಯೇ.

ಆದುದರಿಂದ ಈ ಸೀಮೆಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಗೊಳ್ಳಬೇಕಾದ ಕೆಲಸವೊಂದಿದೆ. ಹಾಡುಗಳ ಸಂಗ್ರಹ ಮತ್ತು ಪಾಠಪರಿಷ್ಕರಣ ಅವಶ್ಯವೇ. ಅದರೊಡನೆ ಇಡೀ ರಾತ್ರಿಯ ಆಟಗಳನ್ನು ಮಾತುಸಹಿತವಾಗಿ, ಸಭೆಯ ನಗೆ ಮೌನಗಳ ಸಹಿತವಾಗಿ ಧ್ವನಿಮುದ್ರಿಸಿ, ಒಂದೇ ಸನ್ನಿವೇಶವು ಜಮಖಂಡಿಯಲ್ಲಿ ಹೇಗೆ, ಬೀಳಗಿಯಲ್ಲಿ ಹೇಗೆ, ಬನಹಟ್ಟಿಯಲ್ಲಿ ಹೇಗೆ ನಡೆಯಿತೆಂದು ಹೋಲಿಸಿ ನೋಡಬೇಕು. ಹಿರಿಯ ಕಲಾವಿದರ ನೆನಪಿನಲ್ಲಿರುವ ಮಾತುಗಾರಿಕೆ ಅವರೊಡನೆಯೇ ಮುಗಿದುಹೋಗುವ ಮುನ್ನ ಈ ಕಾರ್ಯ ನಡೆದರೆ ಭಾಮೆಯ ಪಾತ್ರವನ್ನು ಕುರಿತು ನಿಜವಾದ ವಿಮರ್ಶೆ ಸಾಧ್ಯವಾದೀತು.