ಯಾವೂರ ಮ್ಯಾಡಲೀನ್?

ನನ್ನ ತರಗತಿಯಲ್ಲಿ ಮೂವರು ಮಹದೇವರಿದ್ದಾರೆ. ಹಾಜರಿ ಪುಸ್ತಕದಲ್ಲಿ ಅವರನ್ನು ಬೇರೆ ಮಾಡುವುದು ಇನಿಷಿಯಲ್ಲು. ಹುಡುಗರ ಬಾಯಲ್ಲಿ ಒಬ್ಬ ಉದ್ದನೆ ಮಹದೇವ, ಒಬ್ಬ ಕ್ರಿಕೆಟ್ ಮಹದೇವ, ಮೂರನೆಯವನು ಕೇರಿ ಮಹದೇವ. ಹೆಸರು ಒಂದೇ ಆದರೆ ಸಮಾನತೆ ಬಂತು ಅನ್ನುವವರು ಈ ಮೂರನೆಯವನನ್ನು ಕೇಳಬೇಕು.

ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನ ಕಲಾಕೃತಿಗಳನ್ನು ಪುಸ್ತಕದಲ್ಲಿ ನೋಡುವಾಗ ನನಗೆ ಅವನೇ ನೆನಪಾದ. ಅಲ್ಲೂ ಒಂದೇ ಹೆಸರಿನ ಮೂವರು ಸಿಕ್ಕಿದರು: ಮ್ಯಾಡಲೀನ್. ಒಬ್ಬಳು 16ನೇ ಶತಮಾನದ ಆರಂಭದಲ್ಲಿ ಗ್ರೆಗರ್ ಎರ್ಹಾರ್ಟ್ ಮರದಲ್ಲಿ ಕೆತ್ತಿದವಳು. ಬೆತ್ತಲೆ ಮೈಗೆ ಉದ್ದ ಕೂದಲೇ ಹೊದಿಕೆ. ಇನ್ನೊಬ್ಬಳು 17ನೇ ಶತಮಾನದ ಜಾರ್ಜ್ ದ ಲಾ ತೂರ್ ಬರೆದವಳು. ಎಣ್ಣೆದೀಪದ ಮುಂದೆ, ತೊಡೆಯ ಮೇಲೆ ತಲೆಬುರುಡೆ ಇಟ್ಟುಕೊಂಡು ಕೂತಿದ್ದಾಳೆ. ಇಬ್ಬರೂ ಬೈಬಲ್ಲಿನ ಒಬ್ಬಳೇ ಸಂತಳು, ಮಗ್ದಲದ ಮರಿಯ. ಅವಳ ಬೆತ್ತಲೆಯನ್ನು ಭಕ್ತಿ ಅಂತ ಓದುತ್ತಾರೆ.

ಮೂರನೆಯವಳು ಕಪ್ಪು ಹೆಂಗಸು. ಮರೀ-ಗಿಯೆಮಿನ್ ಬೆನ್ವಾ ಎಂಬ ಚಿತ್ರಕಾರ್ತಿ 1800ರಲ್ಲಿ ಪ್ರದರ್ಶಿಸಿದ ಚಿತ್ರ. ತಲೆಗೆ ಬಿಳಿ ಬಟ್ಟೆ, ಒಂದು ಮೊಲೆ ತೆರೆದಿದೆ, ಕಣ್ಣು ನೇರ ನಮ್ಮನ್ನೇ ನೋಡುತ್ತದೆ. ಅಂದು ಅದಕ್ಕಿದ್ದ ಶೀರ್ಷಿಕೆ 'ಒಬ್ಬ ನೀಗ್ರೋ ಹೆಂಗಸಿನ ಭಾವಚಿತ್ರ' ಅಂತಷ್ಟೇ. ಚಿತ್ರದ ಮೂಲೆಯಲ್ಲಿ ಬೆನ್ವಾ ತನ್ನ ತವರಿನ ಹೆಸರನ್ನೂ ಗಂಡನ ಹೆಸರನ್ನೂ ಸೇರಿಸಿ ಸಹಿ ಹಾಕಿದ್ದಾಳೆ. ಬರೆದವಳಿಗೆ ಎರಡು ಮನೆಯ ಹೆಸರು, ಕೂತವಳಿಗೆ ಒಂದೂ ಇಲ್ಲ!

ಬಿಳಿ ಬಟ್ಟೆ, ನೀಲಿ ಶಾಲು, ಕೆಂಪು ಪಟ್ಟಿ: ಫ್ರೆಂಚ್ ಬಾವುಟದ ಬಣ್ಣಗಳು. 1794ರಲ್ಲಿ ಗುಲಾಮಗಿರಿ ರದ್ದಾದದ್ದರ ಸಂಭ್ರಮ ಇದು ಎಂದು ಕೆಲವು ವಿಮರ್ಶಕರು ಓದಿದ್ದಾರೆ. ಆದರೆ 1802ರಲ್ಲಿ ನೆಪೋಲಿಯನ್ ಗುಲಾಮಗಿರಿಯನ್ನು ವಾಪಸು ತಂದ. ಸ್ವಾತಂತ್ರ್ಯ ಬಟ್ಟೆಯಲ್ಲಿ ಉಳಿಯಿತು, ಮೈಗೆ ಸಿಗಲಿಲ್ಲ.

2019ರಲ್ಲಿ ಅದೇ ಊರಿನ ಓರ್ಸೆ ಮ್ಯೂಸಿಯಮ್ಮಿನ ಪ್ರದರ್ಶನವೊಂದು ಈ ಚಿತ್ರವನ್ನು 'ಮ್ಯಾಡಲೀನಳ ಭಾವಚಿತ್ರ' ಎಂದು ಕರೆಯಿತು. ಅವಳು ಗ್ವಾಡೆಲೂಪ್ ದ್ವೀಪದಿಂದ ಬಂದ ಮನೆಯಾಳು, ಚಿತ್ರಕಾರ್ತಿಯ ಗಂಡನ ಸಹೋದರ ಕರೆತಂದವಳು ಎನ್ನುತ್ತಾರೆ ಸಂಶೋಧಕರು. ಒಳ್ಳೆಯ ಕೆಲಸವೇ. ಆದರೆ ನನ್ನ ತಕರಾರು ಇಲ್ಲಿಂದಲೇ ಶುರು. ಮ್ಯಾಡಲೀನ್ ಅಂದರೆ ಮಗ್ದಲ ಅನ್ನೋ ಊರಿನವಳು ಎಂದರ್ಥ. ಸಂತಳಿಗೆ ಅದು ಅವಳ ಊರೇ. ಈ ಹೆಂಗಸಿಗೆ? ಗುಲಾಮರಿಗೆ ಯಜಮಾನರು ಸಂತರ ಹೆಸರಿಡುತ್ತಿದ್ದ ಕಾಲ ಅದು. ವಾಪಸು ಕೊಟ್ಟಿರೋದು ಬೇರೆ ಯಾರದೋ ಊರಿನ ಹೆಸರು.

ಹೆಸರಿಡುವ ಅಧಿಕಾರ ಯಾರದು ಅನ್ನೋದು ನಮಗೆ ಹೊಸ ಪ್ರಶ್ನೆಯಲ್ಲ. ಶೂದ್ರನ ಹೆಸರು ಹೇಸಿಗೆ ಹುಟ್ಟಿಸುವಂತಿರಬೇಕು ಅಂತ ಮನುಸ್ಮೃತಿಯ ಎರಡನೆಯ ಅಧ್ಯಾಯ ವಿಧಿಸುತ್ತದೆ. 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರ್ ಮುಂದಾಳತ್ವದಲ್ಲಿ ಸುಟ್ಟದ್ದು ಅದೇ ಪುಸ್ತಕವನ್ನು. ಶೂದ್ರರಿಂದಲೂ ಹೊರಗಿಟ್ಟವರಿಗೆ ಊರು ಬಾಯಿಗೆ ಬಂದದ್ದನ್ನೇ ಹೆಸರು ಮಾಡಿತು. ನಮ್ಮ ಅಪ್ಪಂದಿರು ದೇವರ ಹೆಸರನ್ನೇ ಕಿತ್ತುಕೊಂಡು ಮಕ್ಕಳಿಗಿಟ್ಟರು, ಊರು ಅದರ ಹಿಂದೆ 'ಕೇರಿ' ಅಂಟಿಸಿತು.

ಹಾಗಾಗಿ ದಲಿತ ವಿಮರ್ಶೆ ಶೀರ್ಷಿಕೆ ಬದಲಾದದ್ದಕ್ಕೆ ಚಪ್ಪಾಳೆ ತಟ್ಟಿ ಸುಮ್ಮನಾಗಲಾರದು. ಹೆಸರಿನ ಜೊತೆಗೆ ಇಷ್ಟನ್ನೂ ಬರೆಯಿರಿ: ಇವಳನ್ನು ಕರೆತಂದವರು ಯಾರು, ಅಂದಿನ ಕಾನೂನು ಏನಿತ್ತು, 1818ರಲ್ಲಿ ಈ ಚಿತ್ರವನ್ನು ಕೊಂಡ ಸರ್ಕಾರ ದ್ವೀಪಗಳಲ್ಲಿ ಇನ್ನೂ ಗುಲಾಮರನ್ನು ಇಟ್ಟುಕೊಂಡಿತ್ತಲ್ಲ, ಅದನ್ನೂ.

ನಾಳೆ ಹಾಜರಿ ಕೂಗುವಾಗ ಮೂವರು ಮಹದೇವರೂ 'ಎಸ್ ಸಾರ್' ಅಂತಾರೆ. ದನಿ ಕೇಳಿ ನಗುವವರು ಯಾರ ದನಿಗೆ ನಗುತ್ತಾರೆ ಅಂತ ನಾನು ತಲೆಯೆತ್ತಿ ನೋಡಬೇಕು.