ಅಡಿಕೆಗೆ ಅರ್ಧ ಪುಟ, ಕುಡಿದವನಿಗೆ ಅರ್ಧ ವಾಕ್ಯ

ಮಲೆನಾಡಿನ ಪತ್ರಿಕೆಗಳು ಜನಪರ ಎಂಬ ಹೆಸರು ಹಳೆಯದು. ಕೊಳೆರೋಗ, ಮಂಗನ ಕಾಯಿಲೆ, ಶರಾವತಿ ಮುಳುಗಡೆ ಸಂತ್ರಸ್ತರ ವಿಷಯದಲ್ಲಿ ಆ ಹೆಸರು ಸುಳ್ಳೂ ಅಲ್ಲ. ವ್ಯಸನದ ಸುದ್ದಿಗೆ ಬಂದರೆ ಮಾತ್ರ ಅದು ನಿಲ್ಲುವುದಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಓದುಗರಿಗೆ ಬಾಯಿಪಾಠವಾದ ಒಂದು ವಾಕ್ಯವಿದೆ: ‘ವಿಪರೀತ ಕುಡಿತದ ಚಟ ಹೊಂದಿದ್ದ ಈತ ಜೀವನದಲ್ಲಿ ಜಿಗುಪ್ಸೆಗೊಂಡು...’ ವಾರಾಹಿ ಯೋಜನೆಗೆಂದು ಕೆಪಿಸಿ ಕಾಲೊನಿ ಎದ್ದ ಮಾಸ್ತಿಕಟ್ಟೆಯಲ್ಲಿ ಸತ್ತರೂ ಇದೇ, ಆನಂದಪುರದಲ್ಲಿ ಸತ್ತರೂ ಇದೇ. ಇದರ ಹುಟ್ಟು ಪೊಲೀಸ್ ಠಾಣೆಯಲ್ಲಿ. ಶವ ಬೇಗ ಕೈಗೆ ಸಿಗಲಿ, ತಮ್ಮ ಮೇಲೆ ಸಂಶಯ ಬಾರದಿರಲಿ ಎಂದು ಗಾಬರಿಯಲ್ಲಿರುವ ಮನೆಯವರ ಪರವಾಗಿ ರೈಟರ್ ಬರೆದುಕೊಂಡ ದೂರಿನ ಭಾಷೆ ಅದು. ಪತ್ರಿಕೆಗೆ ಬರುವಾಗ ‘ಎಂದು ದೂರಿನಲ್ಲಿದೆ’ ಎಂಬ ಬಾಲ ಉದುರಿ, ಹೇಳಿಕೆ ಸತ್ಯವಾಗಿಬಿಡುತ್ತದೆ.

ವಾಕ್ಯದ ಕಟ್ಟಡ ನೋಡಿ. ‘ಈತ ಕುಡಿಯುತ್ತಿದ್ದ’ ಎಂದು ಮುಗಿಸಿದ್ದರೆ ಯಾವಾಗಿನಿಂದ, ಯಾಕೆ ಎಂದು ಮುಂದಿನ ವಾಕ್ಯ ಕೇಳಲೇಬೇಕಾಗುತ್ತಿತ್ತು. ‘ಹೊಂದಿದ್ದ’ ಎಂದು ಮನುಷ್ಯನ ಮುಂಚೆ ಅಂಟಿಸಿದ ಮೇಲೆ ಕೇಳಲು ಜಾಗವೇ ಇಲ್ಲ. ಅಪ್ಪನ ಹೆಸರಿನ ಜಾಗದಲ್ಲಿ ಕುಡಿತ ಇನಿಷಿಯಲ್ಲಾಗಿ ಕೂರುತ್ತದೆ. ಆ ಅರ್ಧ ವಾಕ್ಯ ಕಾರಣವನ್ನೂ ಹೇಳಿತು, ತೀರ್ಪನ್ನೂ ಕೊಟ್ಟಿತು. ಹೇಳದೆ ಬಿಟ್ಟದ್ದು ಜೀವ ಉಳಿಸಬಹುದಾದ ಸಂಗತಿಗಳನ್ನು. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಫಿಟ್ಸ್, ಅದರ ಹಿಂದೆ ಸನ್ನಿ ಬರಬಹುದು, ಪ್ರಾಣವೂ ಹೋಗಬಹುದು, ಅದಕ್ಕೆ ಔಷಧವಿದೆ, ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕರೆಸುವ ಏರ್ಪಾಡಿದೆ, 2022ರ ಅಕ್ಟೋಬರಿನಿಂದ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳ ಸುದ್ದಿ ಇದಕ್ಕೆ ಅಪವಾದ ಎನ್ನಬಹುದು. ಅಲ್ಲಿ ಮನುಷ್ಯ ಬದುಕಿದ್ದಾನೆ, ಅಷ್ಟು ಲಾಭ. ಆದರೆ ಎಂಟನೇ ದಿನ ಸಮಾರೋಪದ ಫೋಟೋ ಬಂದ ಮೇಲೆ ಸುದ್ದಿ ಮುಗಿಯಿತು. ಆಮೇಲಿನ ನವಜೀವನ ಸಮಿತಿ ಸಭೆಗಳು, ಮತ್ತೆ ಗ್ಲಾಸು ಹಿಡಿದು ಮತ್ತೆ ಬಿಟ್ಟವರು ಯಾರಿಗೂ ಬೇಡ.

ಇವರಿಗೆ ಬೇರೆ ರೀತಿ ಬರೆಯಲು ಬಾರದೆ? ಚೆನ್ನಾಗಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು, ತಂಬಾಕಿನ ಹಂಗಿಲ್ಲದೆಯೇ. ಆ ಮಾತೆದ್ದಾಗಲೆಲ್ಲ ಇದೇ ಪುಟಗಳಲ್ಲಿ ಎಂಥ ತಾಳ್ಮೆ! ಬೆಳೆಗಾರನ ಸಾಲ, ರಾಶಿಇಡಿಯ ಧಾರಣೆ, ಗುಟ್ಕಾ ಕಂಪನಿಗಳ ಪಾಲು, ತಾಂಬೂಲದ ಪರಂಪರೆ, ಎಲ್ಲಕ್ಕೂ ಜಾಗ. ಕಾಣದ್ದು ಅಗಿಯುವವನ ಬಾಯಿ ಮಾತ್ರ. ಅಗಿದಗಿದು ಬಾಯಿ ಬಿಗಿದು ಎರಡು ಬೆರಳೂ ತೂರದಂತಾದವನು ಆ ಅರ್ಧ ಪುಟದಲ್ಲಿ ಇಲ್ಲ. ಬೆಳೆಗೆ ವಿಜ್ಞಾನ ಬಿಟ್ಟ ಕರುಣೆ. ಕುಡಿಯುವವನಿಗೆ ಎರಡೂ ಇಲ್ಲ.

ಪದ ಬದಲಿಸಿದರೆ ಅನುಕಂಪ ಬಂತು ಎನ್ನುವ ವಿಮರ್ಶಕರಿದ್ದಾರೆ. ಸರಿ, ‘ಮದ್ಯದ ಸಮಸ್ಯೆ ಇದ್ದ ವ್ಯಕ್ತಿ ಜಿಗುಪ್ಸೆಗೊಂಡು’ ಎಂದು ಬರೆಯಿರಿ. ಯಾರಿಗೆ ಏನು ತಿಳಿಯಿತು? ವಿಚಾರಗೋಷ್ಠಿಯ ಈ ಸೌಜನ್ಯಕ್ಕಿಂತ ಆ ಐದಂಕಿಯ ಫೋನ್ ನಂಬರು ಮೇಲು. ಇನ್ನು ಕೆಲವರದು, ‘ಕರುಣೆ ತೋರಿದರೆ ಕುಡಿಯಲು ಲೈಸೆನ್ಸ್ ಕೊಟ್ಟಂತೆ, ಹೆಂಡತಿ ಮಕ್ಕಳ ಗತಿ ಏನು?’ ಎಂಬ ವಾದ. ಹೆಂಡತಿಯ ಪಾಡನ್ನಾದರೂ ಇವರು ಬರೆದಿದ್ದಾರೆಯೆ? ಅವಳು ಬರುವುದು ದೂರುದಾರಳಾಗಿ, ಅದೂ ಕೊನೆಯ ಸಾಲಿನಲ್ಲಿ. ಔಷಧ ಎಲ್ಲಿ ಸಿಗುತ್ತದೆ ಎಂಬುದು ಎಲ್ಲರಿಗಿಂತ ಮೊದಲು ಬೇಕಾದದ್ದು ಅವಳಿಗೆ. ಲೈಸೆನ್ಸ್ ಕೊಡುವುದು ಅಬಕಾರಿ ಇಲಾಖೆ. 2025-26ಕ್ಕೆ ಅದರ ಗುರಿ 40,000 ಕೋಟಿ ರೂಪಾಯಿ. ಆ ಅಂಕಿ ಬಜೆಟ್ ಪುಟದಲ್ಲಿ ಮಿಂಚುತ್ತದೆ, ಸಾವಿನ ಸುದ್ದಿಯ ಪಕ್ಕ ಸುಳಿಯುವುದಿಲ್ಲ.

ಆದ್ದರಿಂದ ಇವರಿಗೆ ಅನುಕಂಪದ ಕಾರ್ಯಾಗಾರ ಬೇಕಿಲ್ಲ. ಧಾರಣೆ ಕುಸಿದಾಗ ಕೇಳುವ ಪ್ರಶ್ನೆಗಳನ್ನೇ, ಯಾಕಾಯಿತು, ಯಾರಿಗೆ ಲಾಭ, ಪರಿಹಾರ ಎಲ್ಲಿದೆ ಎಂಬುದನ್ನೇ, ಮಾಸ್ತಿಕಟ್ಟೆಯ ಕೂಲಿಯವನು ಸತ್ತಾಗಲೂ ಕೇಳಲಿ. ಅಲ್ಲಿಯವರೆಗೆ ಜನಪರ ಎಂಬ ಬಿರುದನ್ನು ಬೆಳೆಗಾರಪರ ಎಂದೇ ತಿದ್ದಿ ಓದಿಕೊಳ್ಳಬೇಕು.