ಇಸ್ಕೊಂಡ ಕೋಟು, ಒಪ್ಪುವ ಬಣ್ಣ: ಕುಟುಂಬದ ಫೋಟೋದಲ್ಲಿ ಬಟ್ಟೆಯನ್ನು ಓದುವುದು

ಕುಟುಂಬದ ಫೋಟೋಗಳನ್ನು ಕುರಿತ ವಿಮರ್ಶೆಯಲ್ಲಿ ಮುಖ, ನೋಟ, ನೆನಪು, ಸಾವು ಇವಕ್ಕೆ ಸಿಗುವಷ್ಟು ಜಾಗ ಬಟ್ಟೆಗೆ ಸಿಗುವುದಿಲ್ಲ. ಉಟ್ಟ ಸೀರೆ, ತೊಟ್ಟ ಅಂಗಿ ಹೆಚ್ಚೆಂದರೆ ಚಿತ್ರದ ಕಾಲವನ್ನು ಗುರುತಿಸುವುದಕ್ಕೆ ಬಳಕೆಯಾಗುತ್ತವೆ. ಆದರೆ ಫೋಟೋ ತೆಗೆಸಿಕೊಳ್ಳುವವರ ಕಡೆಯಿಂದ ನೋಡಿದರೆ, ಇಡೀ ಚಿತ್ರದಲ್ಲಿ ಅವರ ಕೈಯಲ್ಲಿರುವುದು ಬಹುಮಟ್ಟಿಗೆ ಬಟ್ಟೆಯೊಂದೇ. ಬೆಳಕು, ಕೋನ, ಗುಂಡಿ ಒತ್ತುವ ಕ್ಷಣ ಎಲ್ಲವೂ ಫೋಟೋಗ್ರಾಫರನವು. ಹಾಗಾಗಿ ಏನು ಹಾಕಿಕೊಳ್ಳಬೇಕು ಎಂದು ಮನೆಯಲ್ಲಿ ನಡೆಯುವ ಚರ್ಚೆಯನ್ನೇ ಆ ಪಠ್ಯದ ಮೊದಲ ಕರಡು ಎಂದು ಓದಬೇಕು ಅನ್ನುವುದು ನನ್ನ ವಾದ.

ಹೀಗೆ ಓದದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ವಿಮರ್ಶಕನೊಬ್ಬನ ಉದಾಹರಣೆಯೇ ಇದೆ. ರೋಲಾ ಬಾರ್ತ್ ತನ್ನ ‘ಕ್ಯಾಮೆರಾ ಲೂಸಿಡಾ’ (1980) ಪುಸ್ತಕದಲ್ಲಿ, ಹಾರ್ಲೆಮ್‌ನ ಜೇಮ್ಸ್ ವ್ಯಾನ್ ಡರ್ ಜೀ 1926ರಲ್ಲಿ ತೆಗೆದ ಕಪ್ಪು ಕುಟುಂಬವೊಂದರ ಚಿತ್ರವನ್ನು ಚರ್ಚಿಸುತ್ತಾನೆ. ಅವರು ತೊಟ್ಟಿರುವ ಒಳ್ಳೆಯ ಬಟ್ಟೆಗಳಲ್ಲಿ ಅವನಿಗೆ ಬಿಳಿಯರ ಲಕ್ಷಣಗಳನ್ನು ಮೈಮೇಲೆ ಹಾಕಿಕೊಳ್ಳುವ ಪ್ರಯತ್ನ ಕಾಣುತ್ತದೆ. ಆ ಪ್ರಯತ್ನದ ಮುಗ್ಧತೆಗೆ ಅವನ ಮನಸ್ಸು ಕರಗುತ್ತದೆ. ಚಿತ್ರದಲ್ಲಿ ತನ್ನನ್ನು ಚುಚ್ಚಿದ್ದು ಹೆಂಗಸೊಬ್ಬಳ ಪಟ್ಟಿಯ ಬೂಟು ಎಂದು ಮೊದಲು ಬರೆಯುತ್ತಾನೆ. ಪುಟಗಳು ಕಳೆದ ಮೇಲೆ, ಬೂಟಲ್ಲ, ಕೊರಳ ಸರ ಎನ್ನುತ್ತಾನೆ. ಅಂಥದೇ ಚಿನ್ನದ ಸರವನ್ನು ತನ್ನ ಸೋದರತ್ತೆ ಹಾಕಿಕೊಳ್ಳುತ್ತಿದ್ದಳಂತೆ. ಚಿತ್ರದಲ್ಲಿರುವುದು ಮುತ್ತಿನ ಸರ ಎಂದು ಮಾರ್ಗರೆಟ್ ಓಲಿನ್ 2002ರಲ್ಲಿ ತೋರಿಸಿಕೊಟ್ಟರು. ಬಾರ್ತ್ ತನ್ನ ಮನೆಯ ಒಡವೆಯನ್ನು ಆ ಹೆಂಗಸಿನ ಕೊರಳಿಗೆ ಹಾಕಿಬಿಟ್ಟಿದ್ದ. ಅವಳು ಆ ಸರವನ್ನು ಯಾಕೆ ಆರಿಸಿಕೊಂಡಳು ಎಂಬ ಪ್ರಶ್ನೆ ಅವನಿಗೆ ಬರಲೇ ಇಲ್ಲ.

ಆ ಪ್ರಶ್ನೆಯನ್ನು ನಮ್ಮ ಊರಿನ ಗೋಡೆಗಳ ಮುಂದೆ ನಿಂತು ಕೇಳಬಹುದು. ಭರಮಸಾಗರ ಚಿತ್ರದುರ್ಗ–ದಾವಣಗೆರೆ ನಡುವೆ, ಹೆದ್ದಾರಿಯ ಮೇಲಿದೆ. ಮದುವೆಯ ಜವಳಿಗೆ ನಮ್ಮವರು ಬಸ್ಸು ಹತ್ತುತ್ತಿದ್ದದ್ದು ದಾವಣಗೆರೆಗೆ, ಸ್ಟುಡಿಯೊಗೂ ಅಲ್ಲಿಗೇ. ನಮ್ಮ ಪಡಸಾಲೆಯಲ್ಲಿರುವ ಹಳೆಯ ಫೋಟೋದಲ್ಲಿ ಅಜ್ಜ ಪಂಚೆಯ ಮೇಲೆ ಕೋಟು ಹಾಕಿದ್ದಾರೆ. ಕೋಟು ಸ್ಟುಡಿಯೊದ್ದು, ತೋಳು ಬೆರಳಿನ ಗಂಟಿನವರೆಗೂ ಇಳಿದಿದೆ. ಪಾದ ಬರಿದು. ಪಕ್ಕದಲ್ಲಿ ಅಜ್ಜಿ ಉಟ್ಟಿರುವುದು ಓಣಿಯವರಿಂದ ಇಸ್ಕೊಂಡ ಮೊಳಕಾಲ್ಮೂರು ರೇಷ್ಮೆ ಸೀರೆ. ನಿನ್ನ ಸೀರೆ ಯಾಕೆ ಉಡಲಿಲ್ಲ ಎಂದು ಕೇಳಿದರೆ, “ನಂದು ಇದ್ದವೇ ಎರಡು, ಎರಡೂ ಹೊಲಕ್ಕೆ ಉಡೋವು” ಅನ್ನುತ್ತಾಳೆ.

ಬಾರ್ತ್‌ನ ಕಣ್ಣಿಗೆ ಇದೂ ಮನ ಕರಗಿಸುವ ತೋರಿಕೆಯಾಗಿ ಕಂಡೀತು. ಆದರೆ ಇಲ್ಲಿ ಯಾರೂ ಯಾರನ್ನೂ ನಂಬಿಸುತ್ತಿಲ್ಲ. ಕೋಟು ಯಾರದೆಂದು ಅಜ್ಜನಿಗೆ ಗೊತ್ತು, ಸೀರೆ ಯಾರದೆಂದು ಇಡೀ ಓಣಿಗೆ ಗೊತ್ತು. ಮಧ್ಯಪ್ರದೇಶದ ನಾಗ್ದಾ ಪಟ್ಟಣದ ಸ್ಟುಡಿಯೊಗಳನ್ನು ಅಧ್ಯಯನ ಮಾಡಿ ಕ್ರಿಸ್ಟೋಫರ್ ಪಿನ್ನೀ ಬರೆದ ‘ಕ್ಯಾಮೆರಾ ಇಂಡಿಕಾ’ (1997) ಇದನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ. ಅಲ್ಲಿನ ಗಿರಾಕಿಗಳು ತಾವು ಇದ್ದ ಹಾಗೆ ಬರಬೇಕೆಂದು ಸ್ಟುಡಿಯೊಗೆ ಹೋಗುತ್ತಿರಲಿಲ್ಲ, ಇರುವುದಕ್ಕಿಂತ ಚೆನ್ನಾಗಿ ಬರಬೇಕೆಂದು ಹೋಗುತ್ತಿದ್ದರು. ಫೋಟೋ ಅವರಿಗೆ ವರದಿಯಲ್ಲ, ಒಂದು ಬೇಡಿಕೆ.

ಬಟ್ಟೆಯ ಮೂಲಕ ಬೇಡಿಕೆ ಇಡುವುದು ನಮ್ಮ ಚರಿತ್ರೆಗೆ ಹೊಸದಲ್ಲ. 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಸೇರಿದ್ದ ಹೆಂಗಸರ ಮುಂದೆ ಅಂಬೇಡ್ಕರ್ ಸೀರೆ ಉಡುವ ರೀತಿ ಮತ್ತು ಒಡವೆಗಳ ಬಗ್ಗೆಯೂ ಮಾತಾಡಿದ್ದರು. ನೋಡಿದೊಡನೆ ಜಾತಿ ಗುರುತು ಸಿಗುವಂತೆ ಉಡುವುದನ್ನು, ತೊಡುವುದನ್ನು ಬಿಡಿ ಎಂಬುದು ಅದರ ಸಾರ. ಇವತ್ತು ಊರೂರಿನ ಅಂಬೇಡ್ಕರ್ ಪ್ರತಿಮೆಯ ನೀಲಿ ಸೂಟನ್ನು ಯಾರಾದರೂ ಬಿಳಿಯರ ಅನುಕರಣೆ ಎಂದರೆ, ಅವರು ಆ ಬಟ್ಟೆಯನ್ನು ಓದಿಲ್ಲ ಎಂದೇ ಅರ್ಥ.

ಈಗಿನ ಫೋಟೋ ಶೂಟ್‌ಗಳಿಗೆ ಬಂದರೆ ಆಯ್ಕೆಯ ಕ್ರಮವೇ ಬದಲಾಗಿದೆ. ಅಣ್ಣನ ಮಗಳ ಮೊದಲ ಹುಟ್ಟುಹಬ್ಬಕ್ಕೆ ಮನೆಮಂದಿಯ ಶೂಟ್ ಇಟ್ಟುಕೊಂಡಾಗ, ವಾರ ಮೊದಲೇ ವಾಟ್ಸಾಪಿನಲ್ಲಿ ಸೂಚನೆಗಳು ಬಂದವು: ಎಲ್ಲರೂ ತಿಳಿ ಬಣ್ಣ, ಒಂದಕ್ಕೊಂದು ಒಪ್ಪಬೇಕು, ಪಟ್ಟೆ ಬೇಡ, ಚೌಕಳಿ ಬೇಡ. ಕೊನೆಯ ಎರಡಕ್ಕೆ ತಾಂತ್ರಿಕ ಕಾರಣವಿದೆ. ತೀರಾ ಸಣ್ಣ ಪಟ್ಟೆ, ಚೌಕಳಿಗಳು ಡಿಜಿಟಲ್ ಕ್ಯಾಮೆರಾದ ಸೆನ್ಸರ್‌ನಲ್ಲಿರುವ ಚುಕ್ಕಿಗಳ ಸಾಲಿನೊಂದಿಗೆ ತಾಳೆಯಾಗದೆ ಅಲೆಅಲೆಯಾಗಿ ಕಾಣುತ್ತವೆ. ಅಜ್ಜಿ ಪೆಟ್ಟಿಗೆಯಿಂದ ತೆಗೆದಿಟ್ಟದ್ದು ಸಣ್ಣ ಚೌಕಳಿಯ ಒಡಲು, ಕೆಂಪು ಸೆರಗಿನ ಇಳಕಲ್ ಸೀರೆ. ಅಮ್ಮ ಹೊಸದಾಗಿ ತಂದಿದ್ದ ತಿಳಿಗುಲಾಬಿ ಸೀರೆಯನ್ನು ಮುಂದಿಟ್ಟಾಗ ಅಜ್ಜಿ ಹೇಳಿದ್ದು ಇಷ್ಟೇ: “ಆವತ್ತು ನಂದಿರಲಿಲ್ಲ, ಇಸ್ಕಂಡು ಉಟ್ಟೆ. ಈಗ ನಂದೇ ಐತಲ್ಲ.” ಇಳಕಲ್ ಸೀರೆಯಲ್ಲೇ ಕೂತಳು. ಆಲ್ಬಮ್ಮಿನ ಮುಖಪುಟಕ್ಕೆ ಅವಳಿಲ್ಲದ ಚಿತ್ರ ಆಯ್ಕೆಯಾಯಿತು.

ಎರಡು ಚಿತ್ರಗಳನ್ನು ಜೊತೆಗಿಟ್ಟು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಹಳೆಯದರಲ್ಲಿ ಬಟ್ಟೆ ಬೇರೆಯವರದು, ಹೇಳಿದ ಮಾತು ಸ್ವಂತದ್ದು. ಹೊಸದರಲ್ಲಿ ಬಟ್ಟೆ ಸ್ವಂತ ದುಡ್ಡಿನದು, ಮಾತು ಮಾತ್ರ ಎಲ್ಲಿಂದಲೋ ಇಸ್ಕೊಂಡದ್ದು. ಬೆಂಗಳೂರಿನ ಪಾರ್ಕಿನಲ್ಲಿ, ದುರ್ಗದ ಕೋಟೆಯಲ್ಲಿ, ನಮ್ಮ ಕೆರೆ ಏರಿಯ ಮೇಲೆ ತೆಗೆದ ಚಿತ್ರಗಳಲ್ಲಿ ಊರು ಬೇರೆಯಾದರೂ ಅದೇ ತಿಳಿ ಬಣ್ಣಗಳು.

ಹಾಗೆಂದು ಹಳೆಯ ಫೋಟೋವನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಅಂದಿನ ಗುಂಪಿನ ಫೋಟೋಗಳಲ್ಲಿ ಮಗಳು ಯಾರು, ಸೊಸೆ ಯಾರು, ಗಂಡ ಸತ್ತವಳು ಯಾರು ಎಂದು ಬಟ್ಟೆಯೇ ಹೇಳಿಬಿಡುತ್ತಿತ್ತು. ನಮ್ಮ ಅತ್ತಿಗೆಗೆ ಒಂದೇ ಬಣ್ಣದ ಬಟ್ಟೆ ಹಿಡಿಸಿದ್ದಕ್ಕೆ ಕಾರಣ ಇದೇ ಇರಬೇಕು. ಆ ಚಿತ್ರದಲ್ಲಿ ಅವಳು ಹೊರಗಿನಿಂದ ಬಂದವಳಾಗಿ ಕಾಣುವುದಿಲ್ಲ. ಅಜ್ಜಿಯ ಹಟದಲ್ಲಿ ಎಷ್ಟು ಬೇಡಿಕೆಯಿದೆಯೋ ಅತ್ತಿಗೆಯ ಒಪ್ಪಿಗೆಯಲ್ಲೂ ಅಷ್ಟೇ ಇದೆ. ಅಮ್ಮನೋ, ಎಲ್ಲರ ಬಟ್ಟೆ ಹೊಂದಿಸಿ ಕೊನೆಗೆ ಉಳಿದ ಬಣ್ಣದ ಸೀರೆಯನ್ನು ತಾನು ಉಟ್ಟಳು. ಈ ಪಠ್ಯವನ್ನು ಕಟ್ಟಿದವಳು ಅವಳು. ಅದರಲ್ಲಿ ಅತಿ ಕಡಿಮೆ ಕಾಣುವವಳೂ ಅವಳೇ.

ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಪಾತ್ರವೊಂದರ ಮಾತನ್ನು ಓದುವಾಗ, ಇದು ಯಾರ ದನಿ ಎಂದು ಕೇಳುವುದನ್ನು ಕಲಿತಿದ್ದೇವೆ. ಗೋಡೆಯ ಮೇಲಿನ ಫೋಟೋಗೂ ಅದೇ ಪ್ರಶ್ನೆ ಸಲ್ಲುತ್ತದೆ. ಈ ಬಟ್ಟೆ ಯಾರದು, ಆರಿಸಿದವರು ಯಾರು, ಅದು ಒಪ್ಪಲಿಲ್ಲವೆಂದು ಚೌಕಟ್ಟಿನಿಂದ ಹೊರಗುಳಿದವರು ಯಾರು? ಇವಕ್ಕೆ ಉತ್ತರ ಚಿತ್ರದೊಳಗೆ ಸಿಗುವುದಿಲ್ಲ, ಮನೆಯವರನ್ನು ಕೇಳಬೇಕು. ಹೊಲಕ್ಕೆ ಉಡುವ ಆ ಎರಡು ಸೀರೆಗಳು ಯಾವ ಫೋಟೋದಲ್ಲೂ ಇಲ್ಲ. ಅವುಗಳ ವಿಷಯ ಹೇಳಬಲ್ಲವರು ಇನ್ನೂ ಮನೆಯಲ್ಲಿರುವಾಗಲೇ ಕೇಳಿ ಬರೆದಿಡುವುದು ವಿಮರ್ಶೆಯ ಕೆಲಸವೂ ಹೌದು.